ಯಂತ್ರ ಹಾಡಿದ ವಚನ: ಎಷ್ಟು ಪಾಠ, ಏನು ಬೆಲೆ?

ಶರಣರ ವಚನಗಳು ಓಲೆಗರಿಯಿಂದ ಅಚ್ಚಿಗೂ ಅಚ್ಚಿನಿಂದ ಗಾಯಕರ ಕಂಠಕ್ಕೂ ಬಂದು ನಮ್ಮ ಮನೆಮನೆಗಳನ್ನು ತಲುಪಿದ್ದು ಕಳೆದ ನೂರು ವರ್ಷಗಳ ಕಥೆ. 1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಮಹನೀಯರು ವಚನಗಳಿಗೆ ಸ್ವರವಿತ್ತರು. ಆಕಾಶವಾಣಿ, ಧ್ವನಿಮುದ್ರಿಕೆ, ಕ್ಯಾಸೆಟ್ಟು, ಸಿ.ಡಿ.ಗಳು ಆ ಸ್ವರವನ್ನು ಊರೂರಿಗೆ ಒಯ್ದವು.

ಈಗ ಈ ಸಾಲಿಗೆ ಕೃತಕ ಬುದ್ಧಿಮತ್ತೆ ಬಂದು ಸೇರಿದೆ. ವಚನದ ಪಠ್ಯವನ್ನು ಬೆರಳಚ್ಚಿಸಿ, ಇಂಥ ರಾಗದ ಛಾಯೆ, ಇಂಥ ವಾದ್ಯ, ಗಂಡುದನಿ ಅಥವಾ ಹೆಣ್ಣುದನಿ ಎಂದು ಸೂಚಿಸಿದರೆ ಕೆಲವೇ ನಿಮಿಷಗಳಲ್ಲಿ ಹಾಡು ಸಿದ್ಧವಾಗುತ್ತದೆ. ‘ಸುನೋ’ ಎಂಬ ಪ್ರಸಿದ್ಧ ತಂತ್ರಾಂಶವು ಒಂದು ಸೂಚನೆಗೆ ಎರಡು ಹಾಡುಗಳನ್ನು ಕೊಡುತ್ತದೆ. ಐದು ಬಾರಿ ಸೂಚಿಸಿದರೆ ಒಂದೇ ವಚನಕ್ಕೆ ಹತ್ತು ಪಾಠಗಳು. ಇವುಗಳಲ್ಲಿ ಯಾವುದನ್ನು ಬಿಡುಗಡೆ ಮಾಡಬೇಕು? ಎಲ್ಲವನ್ನೂ ಮಾಡಬಹುದೆ? ಯಾವುದಕ್ಕೆ ಎಷ್ಟು ಬೆಲೆ ಇಡಬೇಕು? ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ನಮ್ಮ ಸಮಾಜದ ಯುವಕರು ಬಸವ ಜಯಂತಿಯ ನಿಮಿತ್ತ ಇಂಥ ಹಾಡುಗಳನ್ನು ಸಿದ್ಧಪಡಿಸುತ್ತ ಈ ಪ್ರಶ್ನೆಗಳನ್ನು ನಮ್ಮ ಮುಂದಿಟ್ಟಿದ್ದಾರೆ. ಅವರ ಶ್ರದ್ಧೆ ಮೆಚ್ಚತಕ್ಕದ್ದು. ಪ್ರಶ್ನೆಯೂ ವಿಚಾರಾರ್ಹವಾದದ್ದು.

ಕರಾವಳಿಯ ಪರಿಸ್ಥಿತಿ

ಕೆಳದಿಯ ಅರಸರ ಕಾಲದಲ್ಲಿ ಬಾರಕೂರು, ಬಸರೂರುಗಳ ಸೀಮೆಗೂ ಘಟ್ಟದ ಮೇಲಿನ ವೀರಶೈವ ಸಮಾಜಕ್ಕೂ ನಿಕಟ ಸಂಬಂಧವಿತ್ತು. ಆದರೆ ಇಂದು ಈ ಮೂರು ತಾಲೂಕುಗಳಲ್ಲಿ ನಮ್ಮ ಮನೆಗಳು ವಿರಳ. ಉದ್ಯೋಗ, ವ್ಯಾಪಾರಗಳ ನಿಮಿತ್ತ ಬಂದು ನೆಲೆಸಿದವರೇ ಅನೇಕರು. ಧಾರವಾಡದಲ್ಲಿಯೋ ಹಾವೇರಿಯಲ್ಲಿಯೋ ವಚನ ಹಾಡುವವರನ್ನು ಸುಲಭವಾಗಿ ಕರೆಸಬಹುದು. ಇಲ್ಲಿ ಅದು ಅಷ್ಟು ಸುಲಭವಲ್ಲ. ಆದುದರಿಂದ ಇಲ್ಲಿಯ ಮಕ್ಕಳಿಗೆ ಮೊಬೈಲಿನಿಂದ ಕೇಳಿಬರುವ ಹಾಡೇ ವಚನದ ಮೊದಲ ಪಾಠವಾಗುತ್ತದೆ. ಹಾಡು ತಪ್ಪಿದರೆ ಮಗುವಿನ ನಾಲಿಗೆಯೂ ತಪ್ಪುತ್ತದೆ. ಬೆಲೆಯ ವಿಚಾರಕ್ಕಿಂತ ಮೊದಲು ಗಮನಿಸಬೇಕಾದ ಸಂಗತಿ ಇದು.

ಪಾಠ ಹಲವು, ಹೊಣೆ ಯಾರದು?

ಹಲವು ಪಾಠಗಳಿರುವುದೇ ದೋಷವಲ್ಲ. ಈ ಸೀಮೆಯ ಯಕ್ಷಗಾನವನ್ನೇ ನೋಡಿರಿ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ಆಟಗಳಲ್ಲಿ ಒಂದೇ ಪ್ರಸಂಗ ಎಷ್ಟೋ ರಾತ್ರಿ ನಡೆಯುತ್ತದೆ. ಒಬ್ಬ ಭಾಗವತರಂತೆ ಇನ್ನೊಬ್ಬರು ಹಾಡುವುದಿಲ್ಲ. ಆದರೂ ಪದ್ಯವೊಂದು ಕೆಟ್ಟರೆ ಯಾರು ಕೆಡಿಸಿದರೆಂದು ಸಭೆಗೆ ಗೊತ್ತಾಗುತ್ತದೆ. ಪ್ರತಿಯೊಂದು ಪಾಠಕ್ಕೂ ಉತ್ತರವಾದಿಯಾದ ಒಬ್ಬ ಮನುಷ್ಯನಿದ್ದಾನೆ.

ಯಂತ್ರದ ಹತ್ತು ಪಾಠಗಳಿಗೆ ಅಂಥ ಉತ್ತರವಾದಿ ಇಲ್ಲ. ನಾವು ಕೇಳಿದ ಕೆಲವು ಹಾಡುಗಳಲ್ಲಿ ಳಕಾರ ಲಕಾರವಾಗಿತ್ತು, ಮಹಾಪ್ರಾಣ ಅಲ್ಪಪ್ರಾಣವಾಗಿತ್ತು. ಒಂದರಲ್ಲಿ ಅಂಕಿತವೇ ಮುರಿದು ಎರಡು ತುಂಡಾಗಿತ್ತು. ವಾದ್ಯದ ಅಬ್ಬರದಲ್ಲಿ ಇವು ಥಟ್ಟನೆ ಕಿವಿಗೆ ಬೀಳುವುದಿಲ್ಲ.

ಅಂಕಿತದ ವಿಚಾರ ಎಷ್ಟು ಸೂಕ್ಷ್ಮವೆಂಬುದು ನಮ್ಮ ಸಮಾಜಕ್ಕೆ ಚೆನ್ನಾಗಿ ತಿಳಿದಿದೆ. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬುದರ ಬದಲು ‘ಲಿಂಗದೇವ’ ಎಂದು ಮುದ್ರಿಸಿದ್ದ ‘ಬಸವ ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರ 1998ರಲ್ಲಿ ನಿಷೇಧಿಸಿತು, ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಆ ವಿವಾದದ ಗುಣದೋಷ ಇಲ್ಲಿಯ ವಿಷಯವಲ್ಲ. ಬಲ್ಲವರು ಉದ್ದೇಶಪೂರ್ವಕವಾಗಿ ಮಾಡಿದ ಒಂದು ಬದಲಾವಣೆಯೇ ಅಷ್ಟು ದೂರ ಹೋಗಿರುವಾಗ, ಏನೂ ಅರಿಯದ ಯಂತ್ರ ಮಾಡುವ ಬದಲಾವಣೆಯನ್ನು ನಾವು ಕೇಳದೆ ಬಿಡುಗಡೆ ಮಾಡುವುದು ಹೇಗೆ?

ವಿದ್ವಾಂಸರ ರೀತಿ ಬೇರೆಯಾಗಿತ್ತು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಹೊರಬಂತು. ಗ್ರಂಥಸಂಪಾದನೆ ಎಂದರೆ ಹಲವು ಪ್ರತಿಗಳ ಪಾಠಾಂತರಗಳನ್ನು ತಾಳೆನೋಡಿ ಒಂದು ಶುದ್ಧ ಪಾಠಕ್ಕೆ ಬರುವುದು. ಅವರು ಹಲವರಿಂದ ಒಂದಕ್ಕೆ ಬಂದರು. ನಾವು ಒಂದರಿಂದ ಹಲವಕ್ಕೆ ಹೋಗುತ್ತಿದ್ದೇವೆ.

ವ್ಯಾಪಾರದ ಲೆಕ್ಕ

ಹೆಚ್ಚು ಪಾಠ ಬಿಟ್ಟರೆ ಹೆಚ್ಚು ಹಣ ಎಂಬ ನಂಬಿಕೆಯೂ ಸರಿಯಲ್ಲ. ‘ಸ್ಪಾಟಿಫೈ’ ಸಂಸ್ಥೆಯ ನಿಯಮದಂತೆ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ಇಲ್ಲ. ವರ್ಷಕ್ಕೆ 2,000 ಬಾರಿ ಕೇಳಿಸಿಕೊಳ್ಳುವ ಒಂದು ಹಾಡು ಗಣನೆಗೆ ಬರುತ್ತದೆ. ಅದೇ ಶ್ರೋತೃಗಳನ್ನು ನಾಲ್ಕು ಪಾಠಗಳಿಗೆ ಹಂಚಿದರೆ ಒಂದೊಂದಕ್ಕೆ 500 ಮಾತ್ರ, ನಾಲ್ಕಕ್ಕೂ ಶೂನ್ಯ. 2025ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆ, ಹಿಂದಿನ ಒಂದು ವರ್ಷದಲ್ಲಿ ಏಳೂವರೆ ಕೋಟಿಗೂ ಮಿಕ್ಕಿ ಹುಸಿ ಹಾಡುಗಳನ್ನು ತೆಗೆದುಹಾಕಿದ್ದಾಗಿ ತಿಳಿಸಿತು. ‘ಯೂಟ್ಯೂಬ್’ ಕೂಡ ಒಂದೇ ಅಚ್ಚಿನಲ್ಲಿ ರಾಶಿರಾಶಿಯಾಗಿ ತಯಾರಾದುದಕ್ಕೆ ಜಾಹೀರಾತಿನ ಆದಾಯ ಕೊಡದಿರುವ ನಿಯಮವನ್ನು 2025ರ ಜುಲೈಯಲ್ಲಿ ಸ್ಪಷ್ಟಪಡಿಸಿದೆ.

ಕಾನೂನಿನ ಅಂಶಗಳನ್ನೂ ಅರಿತಿರಬೇಕು. ಹನ್ನೆರಡನೆಯ ಶತಮಾನದ ವಚನದ ಪಠ್ಯಕ್ಕೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ರಾಗಸಂಯೋಜನೆಯ ಮಾತು ಹಾಗಲ್ಲ. ಅದರ ಹಕ್ಕು ಸಂಯೋಜಕರ ಜೀವಿತಾವಧಿ ಮತ್ತು ನಂತರದ 60 ವರ್ಷ ಇರುತ್ತದೆ. 2009ರಲ್ಲಿ ನಿಧನರಾದ ಸಿ. ಅಶ್ವತ್ಥರ ಸಂಯೋಜನೆಗಳು 2069ರ ಕೊನೆಯವರೆಗೆ ರಕ್ಷಿತ. ಅಂಥ ಧಾಟಿಯಲ್ಲಿ ಹೊಸ ಪಾಠ ತರುವುದಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಇಲ್ಲವೆ ಹಕ್ಕುಸ್ವಾಮ್ಯ ಕಾಯಿದೆಯ 31ಸಿ ಕಲಮಿನಂತೆ, ಮೊದಲ ಮುದ್ರಣವಾಗಿ ಐದು ವರ್ಷ ಕಳೆದ ಮೇಲೆ, ಮುಂಚಿತವಾಗಿ ತಿಳಿಸಿ, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ತೆರಬೇಕು. ಗಾಯಕರ ದನಿಯನ್ನು ಯಂತ್ರದಿಂದ ಅನುಕರಿಸುವುದಂತೂ ಕೂಡದು. ಅರಿಜಿತ್ ಸಿಂಗ್ ಅವರ ದೂರಿನ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯ 2024ರ ಜುಲೈಯಲ್ಲಿ ಇಂಥ ಅನುಕರಣೆಗೆ ತಡೆಯಾಜ್ಞೆ ನೀಡಿದೆ. ಅದೇ ವರ್ಷದ ಜನವರಿಯಲ್ಲಿ ಎ.ಆರ್. ರಹಮಾನ್ ಅವರು ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ಬಳಸಿದಾಗ ಅವರ ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿದ್ದರು. ಇನ್ನೊಂದು ಮಾತು: ಉಚಿತ ಖಾತೆಯಲ್ಲಿ ತಯಾರಿಸಿದ ಹಾಡನ್ನು ಮಾರಾಟಕ್ಕೆ ಬಳಸಲು ‘ಸುನೋ’ ಅನುಮತಿ ಕೊಡುವುದಿಲ್ಲ.

ಲಕ್ಕಮ್ಮನ ಅಳತೆ

ಇಷ್ಟೆಲ್ಲ ಪಾಲಿಸಿದ ಮೇಲೂ ಬೆಲೆಯ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ನಮ್ಮ ಶರಣರಲ್ಲಿಯೇ ಇದೆ. ಆಯ್ದಕ್ಕಿ ಮಾರಯ್ಯನವರದು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಸುಲಭವಾಗಿ ಸಿಕ್ಕಿತೆಂಬ ಕಾರಣಕ್ಕೆ ಅದು ನಮ್ಮದಾಗುವುದಿಲ್ಲ ಎಂಬುದು ಆ ತಾಯಿಯ ನಿಲುವು.

ಯಂತ್ರದ ಹತ್ತು ಪಾಠಗಳು ಅಂಗಳದಲ್ಲಿ ಚೆಲ್ಲಿದ ಅಕ್ಕಿಯಂತೆ. ಅವುಗಳಲ್ಲಿ ನಮಗೆ ಬೇಕಾದುದು ಒಂದು. ಉಳಿದವನ್ನು ಅಲ್ಲಿಯೇ ಬಿಡುವುದೇ ಆಯ್ಕೆ, ಅದೇ ಕಾಯಕ. ಬೆಲೆಯನ್ನೂ ಇದೇ ಅಳತೆಯಿಂದ ನಿರ್ಧರಿಸಬೇಕು. ಯಂತ್ರ ಕೊಟ್ಟುದಕ್ಕೆ ಬೆಲೆ ಬೇಡ. ಮನುಷ್ಯ ದುಡಿದುದಕ್ಕೆ ಬೆಲೆ ಇರಲಿ.

ಇದರಂತೆ ಯುವಕರಿಗೆ ನಮ್ಮ ಸೂಚನೆಗಳು ಇವು. ಒಂದು ವಚನಕ್ಕೆ ಒಂದೇ ಯಂತ್ರಪಾಠವನ್ನು, ವಚನ ಬಲ್ಲ ಹಿರಿಯರೊಬ್ಬರು ಅಕ್ಷರಾಕ್ಷರ ಕೇಳಿ ಒಪ್ಪಿದ ನಂತರ, ಉಚಿತವಾಗಿ ಬಿಡುಗಡೆ ಮಾಡಲಿ. ಅದು ಯಂತ್ರದ್ದೆಂದು ಸ್ಪಷ್ಟವಾಗಿ ಬರೆಯಲಿ. ಕೃತಕವಾಗಿ ರಚಿತವಾದ ಧ್ವನಿ, ದೃಶ್ಯಗಳಿಗೆ ಗುರುತು ಇರಬೇಕೆಂಬ ಕೇಂದ್ರದ ನಿಯಮವೂ 2026ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಮಕ್ಕಳ ಅಭ್ಯಾಸಕ್ಕಾಗಿ, ಹಾಡುಗಾರಿಕೆಯಿಲ್ಲದ ಹಿನ್ನೆಲೆ ಸಂಗೀತವನ್ನೂ ಉಚಿತವಾಗಿ ಕೊಡಲಿ. ಅದರ ಜೊತೆಗೆ ಈ ಸೀಮೆಯ ಗಾಯಕರೊಬ್ಬರಿಂದ, ಹಾರ್ಮೋನಿಯಂ, ತಬಲಾ ನುಡಿಸುವವರ ಸಹಿತ, ಅದೇ ವಚನವನ್ನು ಹಾಡಿಸಲಿ. ಬೆಲೆ ಇಡಬೇಕಾದುದು ಈ ಪಾಠಕ್ಕೆ.

ಲೆಕ್ಕ ಕಷ್ಟದ್ದಲ್ಲ. ಗಾಯಕರು, ವಾದಕರು, ಪಾಠ ಪರಿಶೋಧಕರು, ಧ್ವನಿಮುದ್ರಣ ಎಲ್ಲಕ್ಕೂ ಸೇರಿ 6,000 ರೂ. ಖರ್ಚಾಯಿತೆಂದು ಇಟ್ಟುಕೊಳ್ಳೋಣ. 200 ಮನೆಗಳವರು ಕೊಳ್ಳುವುದಾದರೆ ಒಂದು ಮನೆಗೆ 30 ರೂ. ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ವಚನದ ಗಾಯಕರಿಗೆ ಸಲ್ಲಲಿ. ಹಣ ಎಲ್ಲಿಗೆ ಹೋಯಿತೆಂಬುದನ್ನು ಹಾಡಿನ ಜೊತೆಗೇ ಪ್ರಕಟಿಸಲಿ.

ಉಚಿತವಾಗಿ ಸಿಗುವ ಯಂತ್ರಪಾಠವನ್ನು ಬಿಟ್ಟು 30 ರೂಪಾಯಿ ಕೊಡುವವರು ಯಾರು ಎಂದು ಕೆಲವರು ಕೇಳಿಯಾರು. ಈ ಪ್ರಶ್ನೆ ಯುವಕರಿಗಲ್ಲ, ಕುಟುಂಬದ ಹಿರಿಯರಾದ ನಮಗೆ. ಗೃಹಪ್ರವೇಶಕ್ಕೋ ಶಿವಾನುಭವಗೋಷ್ಠಿಗೋ ಗಾಯಕರನ್ನು ಕರೆಯದೆ ಧ್ವನಿವರ್ಧಕಕ್ಕೆ ಮೊಬೈಲು ಜೋಡಿಸಿ ಸುಮ್ಮನಾಗುವವರು ನಾವೇ. ಹೀಗೆಯೇ ನಡೆದರೆ ಇಂದಿರುವ ಕೆಲವೇ ಗಾಯಕರೂ ಬೇರೆ ಉದ್ಯೋಗ ಹುಡುಕಿಕೊಳ್ಳುವರು; ಆಮೇಲೆ ಯಂತ್ರ ತಪ್ಪು ಹಾಡಿದಾಗ ತಿದ್ದುವ ಕಿವಿಯೂ ಊರಿನಲ್ಲಿ ಉಳಿಯುವುದಿಲ್ಲ. ಬರುವ ಬಸವ ಜಯಂತಿಗೆ ಕುಂದಾಪುರದಲ್ಲಾಗಲಿ, ಬೈಂದೂರಿನಲ್ಲಾಗಲಿ, ಬ್ರಹ್ಮಾವರದಲ್ಲಾಗಲಿ ಒಬ್ಬ ಗಾಯಕರನ್ನಾದರೂ ಕರೆಸಿ, ಅವರ ಮುಂದೆ ಮಕ್ಕಳನ್ನು ಕೂರಿಸಿ, ಅವರ ಕಾಯಕಕ್ಕೆ ತಕ್ಕ ಗೌರವಧನವನ್ನು ಕೈಮುಟ್ಟಿ ಕೊಡೋಣ.