ಸಸಿಮನೆಗೆ ಯಾವ ಮಾಧ್ಯಮ? ಪೀಟ್ ಮತ್ತು ತೆಂಗಿನ ನಾರಿನ ಪುಡಿಯ ತುಲನೆ

ತರಕಾರಿಗಳ ಸಂಕರಣ ಬೀಜೋತ್ಪಾದನೆಗೆ ರಾಣೆಬೆನ್ನೂರು ಪ್ರಸಿದ್ಧ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಇಂತಹ ಪ್ರದೇಶದಲ್ಲಿ ಸಸಿಮನೆಗಳ ಮಹತ್ವವನ್ನು ಬೇರೆಯಾಗಿ ಹೇಳಬೇಕಿಲ್ಲ. ದುಬಾರಿ ಸಂಕರಣ ಬೀಜವನ್ನು ಪ್ರೋಟ್ರೇಯ ಕುಳಿಗೆ ಒಂದರಂತೆ ಬಿತ್ತಲಾಗುತ್ತದೆ. ಮಾಧ್ಯಮ ಕೈಕೊಟ್ಟರೆ ಬೀಜದ ಹಣವಷ್ಟೇ ಅಲ್ಲ, ನಾಟಿಯ ಹಂಗಾಮೂ ಕೈತಪ್ಪುತ್ತದೆ.

ಎರಡು ಬಗೆಯ ಸರಕು

ಪೀಟ್ ಎಂಬುದು ಶೀತ ದೇಶಗಳ ಜೌಗು ನೆಲದಲ್ಲಿ ಪಾಚಿ ಸಸ್ಯಗಳು ಅರೆಕೊಳೆತು ಆದ ಪದರ. ಇದು ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಭಾರತಕ್ಕೆ ಆಮದಾಗಿಯೇ ಬರಬೇಕು. ‘ಕೋಕೋಪೀಟ್’ ಹೆಸರಿನಲ್ಲಿ ಪೀಟ್ ಇದ್ದರೂ ಅದು ತೆಂಗಿನ ಸಿಪ್ಪೆಯಿಂದ ನಾರು ತೆಗೆದ ನಂತರ ಉಳಿಯುವ ಪುಡಿ. ತೆಂಗಿನ ಸೀಮೆಯಾದ ತಿಪಟೂರು, ಅರಸೀಕೆರೆಗಳು ನಮ್ಮ ರೈಲುಮಾರ್ಗದಲ್ಲಿಯೇ ಇವೆ.

ಗುಣಭೇದ

ಪೀಟ್ ಹೆಚ್ಚು ಆಮ್ಲೀಯ; ರಸಸಾರ ಸಾಮಾನ್ಯವಾಗಿ 3.5ರಿಂದ 4.5. ಆದ್ದರಿಂದ ಸುಣ್ಣ ಬೆರೆಸಿ ಬಳಸಬೇಕು. ಲವಣಾಂಶ ಅತ್ಯಲ್ಪ. ಆದರೆ ಒಮ್ಮೆ ಪೂರ್ಣ ಒಣಗಿದರೆ ನೀರನ್ನು ಸುಲಭವಾಗಿ ಹೀರುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಇದು ಸಣ್ಣ ದೋಷವಲ್ಲ.

ಕೋಕೋಪೀಟಿನ ರಸಸಾರ ಸಾಮಾನ್ಯವಾಗಿ 5.5ರಿಂದ 6.5. ಒಣಗಿದರೂ ಬೇಗನೆ ನೀರು ಹಿಡಿಯುತ್ತದೆ. ಇದರ ದೋಷ ಲವಣ. ಸೋಡಿಯಂ, ಪೊಟ್ಯಾಸಿಯಂ ಹಾಗೂ ಕ್ಲೋರೈಡ್ ಅಧಿಕವಿದ್ದರೆ ಎಳೆ ಬೇರು ಸುಡುತ್ತದೆ. ಮೇಲಾಗಿ ಈ ಪುಡಿ ಕ್ಯಾಲ್ಸಿಯಂ ಅನ್ನು ತಾನು ಹಿಡಿದಿಟ್ಟು ಪೊಟ್ಯಾಸಿಯಂ, ಸೋಡಿಯಂಗಳನ್ನು ಹೊರಬಿಡುತ್ತದೆ. ಆದಕಾರಣ ಒಳ್ಳೆಯ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಮತ್ತೆ ತೊಳೆದ ಸರಕು ಉತ್ತಮ. ಕೊಳವೆಬಾವಿಯ ನೀರೇ ಉಪ್ಪಾಗಿದ್ದರೆ ತೊಳೆದೂ ಪ್ರಯೋಜನವಿಲ್ಲ. ಸಂಗ್ರಹಿಸಿದ ಮಳೆನೀರು ಲೇಸು.

ಯಾವುದಕ್ಕೆ ಯಾವುದು?

98 ಕುಳಿಗಳ ಒಂದು ಪ್ರೋಟ್ರೇಗೆ ಸುಮಾರು 1.2 ಕಿಲೋ ಹದವಾದ ಕೋಕೋಪೀಟ್ ಬೇಕು. ಮೆಣಸಿನಕಾಯಿ, ಟೊಮೆಟೊ ಸಸಿಗಳಿಗೆ ತೊಳೆದ ಕೋಕೋಪೀಟ್ ಸಾಕು. ಪೀಟಿಗೆ ಹೆಚ್ಚಿನ ಬೆಲೆ ತೆರಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹುದುಗಿಸಿದ ‘ಅರ್ಕಾ’ ಕೋಕೋಪೀಟ್ ತಂತ್ರಜ್ಞಾನವನ್ನೂ ರೂಪಿಸಿದೆ. ಜರ್ಬೆರಾದಂತೆ ಕುಂಡದಲ್ಲಿ ದೀರ್ಘಕಾಲ ನಿಲ್ಲುವ ಹೂಬೆಳೆಗೆ ನುಣುಪು ಪುಡಿಯೊಂದೇ ಸಲ್ಲದು. ಗಾಳಿಯಾಡಲು ಸಿಪ್ಪೆಯ ಚೂರು ಅಥವಾ ಪರ್ಲೈಟ್ ಬೆರೆಸಬೇಕು.

ಖರೀದಿಯಲ್ಲಿ ಎಚ್ಚರ

ಸರಕನ್ನು ತೂಕದಿಂದ ಮಾತ್ರ ಅಳೆಯಬಾರದು. 5 ಕಿಲೋ ಇಟ್ಟಿಗೆ ನೆನೆದಾಗ ಸುಮಾರು 60ರಿಂದ 75 ಲೀಟರ್ ಆಗಬೇಕು. ವಿದ್ಯುತ್ ವಾಹಕತೆ 0.5 ಮಿಲಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಅದನ್ನು ಕಡಿಮೆ ಲವಣದ ಸರಕೆಂದು ವ್ಯಾಪಾರದಲ್ಲಿ ಪರಿಗಣಿಸುತ್ತಾರೆ. ಆದರೆ ಪುಡಿಗೆ ಎಷ್ಟು ಪಾಲು ನೀರು ಬೆರೆಸಿ ಅಳೆದದ್ದೆಂದು ಕೇಳಲೇಬೇಕು. ನೀರು ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. ಹೊಸ ಸರಕು ಬಂದಾಗಲೆಲ್ಲ ಒಂದೆರಡು ಟ್ರೇಗಳಲ್ಲಿ ಮೊದಲು ಬಿತ್ತಿ ನೋಡುವುದು ಕ್ಷೇಮ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ಸಲಹೆಯನ್ನೂ ಪಡೆಯಬಹುದು.

ಮಾರಾಟಗಾರರು ಪ್ರತಿ ಸರಕಿನೊಡನೆ ಲವಣದ ಅಳತೆಯನ್ನೂ ಅಳೆದ ಕ್ರಮವನ್ನೂ ಬರೆದುಕೊಡುವ ಪರಿಪಾಠ ಬೆಳೆಸಿಕೊಂಡರೆ ರೈತನ ಬೀಜವೂ ವರ್ತಕನ ಹೆಸರೂ ಉಳಿಯುತ್ತವೆ.