ತಂಗುದಾಣದಲ್ಲಿ ಕ್ರಿಸ್‌ಮಸ್

ಹಬ್ಬ ಬಂತೆಂದರೆ ನಾವು ಏನು ಮಾಡುತ್ತೇವೆ? ಮನೆ ಸಾರಿಸುತ್ತೇವೆ. ಬಾಗಿಲು ತೊಳೆಯುತ್ತೇವೆ. ಒಲೆಯ ಮೇಲೆ ಪಾಯಸ ಇಡುತ್ತೇವೆ. ನೆಂಟರನ್ನು ಕರೆಯುತ್ತೇವೆ. ಯುಗಾದಿ ಇರಲಿ, ರಂಜಾನ್ ಇರಲಿ, ಕ್ರಿಸ್‌ಮಸ್ ಇರಲಿ, ಹಬ್ಬ ನಡೆಯುವುದು ಮನೆಯಲ್ಲಿ.

ಹಾಗಾದರೆ ಮನೆಯೇ ಇಲ್ಲದವರು ಎಲ್ಲಿ ಹಬ್ಬ ಮಾಡಬೇಕು?

2023ರ ಕ್ರಿಸ್‌ಮಸ್‌ಗೆ ನಮ್ಮ ಕಲಿಕಾ ಕೇಂದ್ರದವರು ಬೆಂಗಳೂರಿನ ಒಂದು ತಂಗುದಾಣಕ್ಕೆ ಹೋಗಿದ್ದೆವು. ಮನೆ ಇಲ್ಲದ ಕುಟುಂಬಗಳು ಅಲ್ಲಿ ಇದ್ದವು. ಅವರ ಜೊತೆ ಹಬ್ಬ ಮಾಡಿದೆವು. ಅಲ್ಲಿ ಕಂಡದ್ದು, ಕೇಳಿ ತಿಳಿದದ್ದು ಎಲ್ಲವನ್ನೂ ಇಲ್ಲಿ ಹೇಳುತ್ತೇವೆ. ನಿಮಗೂ ಉಪಯೋಗಕ್ಕೆ ಬರಬಹುದು.

ಹಬ್ಬದ ಕತೆ

ಕ್ರಿಸ್‌ಮಸ್ ಯೇಸುಸ್ವಾಮಿ ಹುಟ್ಟಿದ ಹಬ್ಬ. ಡಿಸೆಂಬರ್ 25ರಂದು ಆಚರಿಸುತ್ತಾರೆ. ಆ ಹುಟ್ಟಿನ ಕತೆ ಬೈಬಲಿನಲ್ಲಿ ಇದೆ.

ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮಾತು. ರೋಮಿನ ಚಕ್ರವರ್ತಿ ಜನಗಣತಿ ಮಾಡಿಸಲು ಅಪ್ಪಣೆ ಕೊಟ್ಟ. ಎಲ್ಲರೂ ತಮ್ಮ ತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕಿತ್ತು. ಯೋಸೇಫ ಒಬ್ಬ ಬಡಗಿ. ಅವನ ಹೆಂಡತಿ ಮರಿಯ ತುಂಬು ಗರ್ಭಿಣಿ. ಇಬ್ಬರೂ ನಜರೇತಿನಿಂದ ಬೇತ್ಲೆಹೇಮಿಗೆ ಹೊರಟರು. ಅಲ್ಲಿ ಛತ್ರದಲ್ಲಿ ಜಾಗ ಸಿಗಲಿಲ್ಲ. ಅಲ್ಲಿಯೇ ಹೆರಿಗೆ ಆಯಿತು. ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ.

ಆಮೇಲೂ ಆ ಕುಟುಂಬಕ್ಕೆ ನೆಮ್ಮದಿ ಇರಲಿಲ್ಲ. ಹೆರೋದ ಎಂಬ ಅರಸ ಮಗುವನ್ನು ಕೊಲ್ಲಲು ಹುಡುಕಿಸಿದ. ತಂದೆ ತಾಯಿ ಮಗುವನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟ್ ದೇಶಕ್ಕೆ ಓಡಿಹೋದರು.

ನೋಡಿ, ಈ ಹಬ್ಬದ ಕತೆಯೇ ಇರಲು ಜಾಗ ಸಿಗದ ಒಂದು ಕುಟುಂಬದ ಕತೆ.

ಮನೆ ಇಲ್ಲದವರು ಎಷ್ಟು ಜನ?

ನಮ್ಮ ದೇಶದಲ್ಲೂ ಜನಗಣತಿ ನಡೆಯುತ್ತದೆ. 2011ರ ಫೆಬ್ರವರಿ 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸಿದರು. ರಸ್ತೆ ಬದಿ, ರೈಲ್ವೆ ನಿಲ್ದಾಣ, ಮೇಲ್ಸೇತುವೆಯ ಕೆಳಗೆ, ಗುಡಿಯ ಜಗಲಿ, ದೊಡ್ಡ ಕೊಳವೆಯ ಒಳಗೆ ಮಲಗಿದ್ದವರನ್ನು ಲೆಕ್ಕ ಹಾಕಿದರು. ಇಡೀ ದೇಶದಲ್ಲಿ 17 ಲಕ್ಷ 73 ಸಾವಿರ ಜನ ಸಿಕ್ಕರು. ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಜನ ಇದ್ದರು.

ಇವರೆಲ್ಲ ಭಿಕ್ಷೆ ಬೇಡುವವರು ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ನಾವು ಹೋದ ತಂಗುದಾಣದಲ್ಲಿ ಗಾರೆ ಕೆಲಸದವರಿದ್ದರು. ಮನೆಗೆಲಸ ಮಾಡುವ ಹೆಂಗಸರಿದ್ದರು. ಚಿಂದಿ ಆಯುವವರಿದ್ದರು. ಹೂವು ಮಾರುವ ಒಬ್ಬ ಅಜ್ಜಿ ಇದ್ದರು. ಎಲ್ಲರೂ ದುಡಿಯುವವರೇ.

ದುಡಿದರೂ ಮನೆ ಏಕಿಲ್ಲ? ರಾಯಚೂರು ಕಡೆಯ ಒಬ್ಬ ತಾಯಿ ನಮಗೆ ಹೀಗೆ ಹೇಳಿದರು:

"ಊರಾಗ ಎರಡೆಕ್ರಿ ಹೊಲ ಐತ್ರಿ. ಮಳಿ ಬರ್ಲಿಲ್ಲ. ಸಾಲ ಆತು. ಇಲ್ಲಿ ಕೆಲಸ ಐತಿ, ಆದ್ರ ಮನಿ ಇಲ್ಲ. ಬಾಡಿಗಿ ಮನಿ ಕೇಳಾಕ ಹೋದ್ರ ಅಡ್ವಾನ್ಸ್ ತಗೊಂಬರ್ರಿ ಅಂತಾರ. ಅಷ್ಟು ರೊಕ್ಕ ಎಲ್ಲಿಂದ ತರೂಣು?"

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನಲ್ಲಿ ಹಳೆಯ ರೂಢಿ. ದಿನಗೂಲಿಯವರಿಗೆ ಅದು ದೊಡ್ಡ ಬೆಟ್ಟ.

ತಂಗುದಾಣ ಎಂದರೇನು?

2010ರ ಜನವರಿಯಲ್ಲಿ ದೆಹಲಿಯಲ್ಲಿ ವಿಪರೀತ ಚಳಿ. ಬೀದಿಯಲ್ಲಿ ಮಲಗಿದ್ದವರು ಸತ್ತರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಬದುಕುವ ಹಕ್ಕು ಇದೆ ಎಂದ ಮೇಲೆ ತಲೆಯ ಮೇಲೆ ಸೂರೂ ಬೇಕಲ್ಲವೇ? ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನರಿಗೆ ಒಂದು ತಂಗುದಾಣ ಇರಬೇಕು, ಅದು ಹಗಲೂ ರಾತ್ರಿಯೂ ತೆರೆದಿರಬೇಕು ಎಂದು ಕೋರ್ಟು ಹೇಳಿತು.

2013ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಒಂದು ಯೋಜನೆ ಮಾಡಿತು. ಅದರ ನಿಯಮಗಳು ಹೀಗಿದ್ದವು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಇರಬೇಕು. ಅಂದರೆ ಹತ್ತು ಅಡಿ ಉದ್ದ, ಐದು ಅಡಿ ಅಗಲ. ಕುಡಿಯುವ ನೀರು, ಸ್ನಾನದ ಮನೆ, ಕಕ್ಕಸು, ದೀಪ, ಹಾಸಿಗೆ, ಹೊದಿಕೆ, ಅಡುಗೆಗೆ ಜಾಗ ಇರಬೇಕು. ಸಾಮಾನು ಇಡಲು ಬೀಗ ಹಾಕುವ ಪೆಟ್ಟಿಗೆ ಇರಬೇಕು. ಗಂಡಸರಿಗೆ, ಹೆಂಗಸರಿಗೆ, ಕುಟುಂಬಗಳಿಗೆ ಬೇರೆ ಬೇರೆ ವ್ಯವಸ್ಥೆ ಬೇಕು.

ಕುಟುಂಬದ ತಂಗುದಾಣ ಏಕೆ ಮುಖ್ಯ? ಅದು ಇಲ್ಲದ ಕಡೆ ಗಂಡ ಒಂದು ಕಡೆ ಮಲಗಬೇಕು, ಹೆಂಡತಿ ಮಕ್ಕಳು ಇನ್ನೊಂದು ಕಡೆ. ಹಾಗಾಗಿ ಎಷ್ಟೋ ಕುಟುಂಬಗಳು, "ಬೀದಿಯಾದ್ರೂ ಸರಿ, ಒಟ್ಟಿಗೆ ಇರ್ತೀವಿ" ಅನ್ನುತ್ತವೆ.

2011ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 84 ಲಕ್ಷ. ಲಕ್ಷಕ್ಕೆ ಒಂದು ಎಂದರೆ 84 ತಂಗುದಾಣ ಬೇಕು. ಇರುವುದು ಅದಕ್ಕಿಂತ ಬಹಳ ಕಡಿಮೆ.

ಇನ್ನೊಂದು ಮಾತು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಭಿಕ್ಷೆ ಬೇಡುವವರನ್ನು ಹಿಡಿದು ಒಂದು ಕೇಂದ್ರದಲ್ಲಿ ಇಡುತ್ತಾರೆ. ತಂಗುದಾಣ ಅದಲ್ಲ. ಇಲ್ಲಿಗೆ ಯಾರನ್ನೂ ಹಿಡಿದು ತರುವುದಿಲ್ಲ. ಬರುವವರು ತಾವಾಗಿಯೇ ಬರುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ.

ನಾವು ಕಂಡ ಹಬ್ಬ

ಹೋಗುವ ಒಂದು ವಾರ ಮೊದಲೇ ತಂಗುದಾಣದ ಮೇಲ್ವಿಚಾರಕಿಯನ್ನು ಕೇಳಿದೆವು. "ಏನು ತರಲಿ?" ಎಂದೆವು.

ಅವರು ನಕ್ಕು ಹೇಳಿದರು: "ಬಿರಿಯಾನಿ ಮಾತ್ರ ತರಬೇಡಿ. 25ನೇ ತಾರೀಖು ಮೂರು ಕಡೆಯಿಂದ ಬರುತ್ತೆ. ಉಳಿದದ್ದು ಹಳಸುತ್ತೆ. ಜನವರಿ 2ನೇ ತಾರೀಖು ಯಾರೂ ಬರಲ್ಲ. ಇವರನ್ನೇ ಕೇಳಿ, ಏನು ಬೇಕು ಅಂತ."

ಅಲ್ಲಿದ್ದ ಹೆಂಗಸರನ್ನು ಕೇಳಿದೆವು. ಒಬ್ಬರು ಪೆಟ್ಟಿಗೆಗೆ ಬೀಗ ಕೇಳಿದರು. ಒಬ್ಬರು ಮಗನ ಅಳತೆಯ ಚಪ್ಪಲಿ ಕೇಳಿದರು. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೆ ಕಂಬಳಿ ಕೇಳಿದರು. ಹಬ್ಬದ ಊಟಕ್ಕೆ ಅಕ್ಕಿ, ಕೋಳಿ, ತರಕಾರಿ, ಬೆಲ್ಲ ತಂದರೆ ಸಾಕು, ಅಡುಗೆ ತಾವೇ ಮಾಡುತ್ತೇವೆ ಎಂದರು.

24ರ ಸಂಜೆ ನಾವು ಹೋದಾಗ ಮಕ್ಕಳು ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುತ್ತಿದ್ದರು. ಹೂವು ಮಾರುವ ಅಜ್ಜಿ ಕ್ರೈಸ್ತರು. ಅವರು ಮೂಲೆಯಲ್ಲಿ ಗೋದಲಿ ಕಟ್ಟಿದ್ದರು. ಹತ್ತು ದಿನ ಮೊದಲೇ ಹಳೆಯ ಡಬ್ಬಿಯಲ್ಲಿ ರಾಗಿ ಬಿತ್ತಿದ್ದರು. ಅದು ಹಸಿರಾಗಿ ಎದ್ದು ನಿಂತಿತ್ತು. ಅದೇ ಗೋದಲಿಯ ಹುಲ್ಲುಗಾವಲು. ಯೇಸು, ಮರಿಯ, ಯೋಸೇಫರನ್ನು ಮಕ್ಕಳು ಮಣ್ಣಿನಲ್ಲಿ ಮಾಡಿದ್ದರು. ಒಂದು ಹಸು ಹಸುವಿನ ಹಾಗೆ ಇರಲಿಲ್ಲ, ನಾಯಿಯ ಹಾಗೆ ಇತ್ತು. ಎಲ್ಲರೂ ನಕ್ಕರು. ಅದನ್ನೂ ಗೋದಲಿಯಲ್ಲಿ ಇಟ್ಟರು.

ಅಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದರು. ಅಜ್ಜಿ ಒಬ್ಬರದೇ ಹಬ್ಬ ಅದು ಆಗಿರಲಿಲ್ಲ.

25ರ ಬೆಳಿಗ್ಗೆ ಅಜ್ಜಿ ಚರ್ಚಿಗೆ ಹೋಗಿ ಬಂದರು. ಆಮೇಲೆ ಅಡುಗೆ ಶುರುವಾಯಿತು. ಅನ್ನ, ಕೋಳಿ ಸಾರು, ಕೋಳಿ ತಿನ್ನದವರಿಗೆ ತರಕಾರಿ ಹುಳಿ, ಕಡಲೆಬೇಳೆ ಪಾಯಸ. ನಾವು ಈರುಳ್ಳಿ ಹೆಚ್ಚಿದೆವು, ತೆಂಗಿನಕಾಯಿ ತುರಿದೆವು. ಊಟದ ಹೊತ್ತಿಗೆ ಬಡಿಸಲು ಸೌಟು ತೆಗೆದುಕೊಂಡೆವು. ರಾಯಚೂರಿನ ಆ ತಾಯಿ ನಮ್ಮ ಕೈಯಿಂದ ಸೌಟು ಇಸಕೊಂಡರು.

"ನಮ್ಮ ಮನಿಗೆ ಬಂದೀರಿ. ಕುಂದರ್ರಿ. ಬಡಸೋದು ನಮ್ಮ ಕೆಲಸ" ಅಂದ್ರು.

ನಾವು ಸಾಲಿನಲ್ಲಿ ಕೂತು ಉಂಡೆವು. ಅವರು ಬಡಿಸಿದರು, ಇನ್ನೊಂಚೂರು ಹಾಕಿಸಿಕೊಳ್ಳಿ ಅಂತ ಬಲವಂತ ಮಾಡಿದರು. ಕೊನೆಗೆ ಎಲ್ಲರೂ ಕೇಕು ಹಂಚಿಕೊಂಡೆವು.

ದಿನಾ ಕೈ ಚಾಚಿ ಪಡೆಯುವುದು ಯಾರಿಗೂ ಇಷ್ಟ ಇಲ್ಲ. ನಾಲ್ಕು ಜನಕ್ಕೆ ಬಡಿಸುವ ಆಸೆ ಎಲ್ಲರಿಗೂ ಇರುತ್ತದೆ.

ಒಂದು ಅರ್ಜಿ

ಊಟ ಆದ ಮೇಲೆ ಮಾತಿಗೆ ಕೂತೆವು. ಆ ತಾಯಿಗೆ ಒಂಬತ್ತು ವರ್ಷದ ಮಗಳು. ಊರಿನಲ್ಲಿ ಮೂರನೇ ತರಗತಿ ಓದಿದ್ದಳು. ಬೆಂಗಳೂರಿಗೆ ಬಂದು ಆರು ತಿಂಗಳಾದರೂ ಶಾಲೆಗೆ ಸೇರಿರಲಿಲ್ಲ. ತಮ್ಮನನ್ನು ನೋಡಿಕೊಂಡು ಇದ್ದಳು.

"ಟೀಸಿ ಇಲ್ಲಂದ್ರ ಸೇರಿಸ್ಕೊಳ್ಳಂಗಿಲ್ಲ ಅಂದ್ರು. ಮನಿ ವಿಳಾಸ ಕೇಳಿದ್ರು. ಮನಿ ಎಲ್ಲೈತ್ರಿ ನಮಗ?" ಎಂದರು ತಾಯಿ.

ಕಾನೂನು ಹಾಗೆ ಹೇಳುವುದಿಲ್ಲ. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರಂತೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಸಿಗಬೇಕು. ವಯಸ್ಸಿನ ದಾಖಲೆ ಇಲ್ಲ ಎಂದು ಮಗುವನ್ನು ವಾಪಸು ಕಳಿಸಬಾರದು. ವರ್ಗಾವಣೆ ಪತ್ರ, ಅಂದರೆ ಟೀಸಿ ಬರುವುದು ತಡವಾದರೂ ಸೇರಿಸಿಕೊಳ್ಳಬೇಕು. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು.

ನಮ್ಮ ಜೊತೆ ಬಂದಿದ್ದ ಒಬ್ಬ ಅಕ್ಕ ಎರಡು ವರ್ಷದ ಹಿಂದೆ ಅಕ್ಷರ ಕಲಿತವರು. ಅವರೇ ಕಾಗದ ತೆಗೆದುಕೊಂಡು ಬರೆದರು:

"ಮುಖ್ಯೋಪಾಧ್ಯಾಯರಿಗೆ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ. ಊರಿನ ಶಾಲೆಯಲ್ಲಿ ಮೂರನೇ ತರಗತಿ ಓದಿದ್ದಾಳೆ. ಈಗ ನಾವು ನಿಮ್ಮ ಶಾಲೆಯ ಹತ್ತಿರದ ತಂಗುದಾಣದಲ್ಲಿ ಇದ್ದೇವೆ. ದಯವಿಟ್ಟು ಅವಳನ್ನು ಶಾಲೆಗೆ ಸೇರಿಸಿಕೊಳ್ಳಿ. ವರ್ಗಾವಣೆ ಪತ್ರ ಬಂದ ಕೂಡಲೇ ತಂದು ಕೊಡುತ್ತೇವೆ."

ತಾಯಿ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ಮಗಳು ತಾಯಿಯ ಹೆಸರು ಬರೆದಳು. 26ರಂದು ಮೇಲ್ವಿಚಾರಕಿ ಮತ್ತು ನಮ್ಮ ಅಕ್ಕ ಅವರ ಜೊತೆ ಶಾಲೆಗೆ ಹೋದರು. ಹುಡುಗಿ ಶಾಲೆಗೆ ಸೇರಿದಳು. ಚಿಕ್ಕವನನ್ನು ಅಂಗನವಾಡಿಗೆ ಹಾಕಿದರು.

ಅವತ್ತು ಮತದಾರರ ಪಟ್ಟಿಯ ಮಾತೂ ಬಂತು. 2024ರ ಲೋಕಸಭಾ ಚುನಾವಣೆ ಹತ್ತಿರವಿತ್ತು. "ಮನೆ ಇಲ್ಲದವರಿಗೆ ಓಟು ಎಲ್ಲಿ?" ಎಂದು ಅಲ್ಲಿನ ಗಂಡಸರು ಕೇಳಿದರು. ಮನೆ ಇಲ್ಲದವರಿಗೂ ಓಟು ಇದೆ. 18 ವರ್ಷ ತುಂಬಿದವರು ನಮೂನೆ 6 ತುಂಬಿ ಕೊಡಬೇಕು. ತಾವು ಮಲಗುವ ಜಾಗವನ್ನು ಅದರಲ್ಲಿ ಬರೆಯಬೇಕು. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಬಂದು ನೋಡುತ್ತಾರೆ. ಒಂದು ರಾತ್ರಿ ಅಲ್ಲ, ಒಂದಕ್ಕಿಂತ ಹೆಚ್ಚು ರಾತ್ರಿ. ಅಲ್ಲಿಯೇ ಮಲಗುವುದು ನಿಜ ಎಂದು ಕಂಡರೆ ವಿಳಾಸಕ್ಕೆ ಬೇರೆ ದಾಖಲೆ ಬೇಡ. ಚುನಾವಣಾ ಆಯೋಗದ ನಿಯಮವೇ ಇದು.

ರೇಷನ್ ಕಾರ್ಡಿನ ವಿಷಯವೂ ಹಾಗೇ. ಊರಿನ ಕಾರ್ಡು ಇದ್ದರೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಕಾರ್ಡು ಊರಲ್ಲೇ ಬಿಟ್ಟು ಬಂದವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ನೀವು ಹೋಗುವುದಾದರೆ

ನಿಮ್ಮ ಊರಿನಲ್ಲೂ ತಂಗುದಾಣ ಇರಬಹುದು. ಹಬ್ಬಕ್ಕೆ ಅಲ್ಲಿಗೆ ಹೋಗಬೇಕು ಅನಿಸಿದರೆ ಈ ಮಾತುಗಳನ್ನು ನೆನಪಿಡಿ.

ಮೊದಲೇ ಕೇಳಿಕೊಂಡು ಹೋಗಿ. ಹಗಲು ಕೆಲಸಕ್ಕೆ ಹೋಗುವವರೇ ಹೆಚ್ಚು. ಸಂಜೆ ಅಥವಾ ರಜಾ ದಿನ ಒಳ್ಳೆಯದು.

ಹರಿದ ಬಟ್ಟೆ, ಹಳಸಿದ ತಿಂಡಿ ಒಯ್ಯಬೇಡಿ. ನಿಮ್ಮ ತಂಗಿಯ ಮನೆಗೆ ಒಯ್ಯುವಂಥದ್ದನ್ನೇ ಒಯ್ಯಿರಿ.

ಮಕ್ಕಳನ್ನು ಸಾಲು ನಿಲ್ಲಿಸಿ ಪೊಟ್ಟಣ ಹಂಚಬೇಡಿ. ಅವರನ್ನು ಕೇಳದೆ ಫೋಟೋ ತೆಗೆಯಬೇಡಿ. ಆ ಫೋಟೋ ನಾಳೆ ಶಾಲೆಯ ಗೆಳೆಯರ ಫೋನಿಗೂ ಬರಬಹುದು.

"ಯಾಕೆ ಹೀಗಾಯ್ತು?" ಎಂದು ಕೆದಕಬೇಡಿ. ಹೇಳಬೇಕು ಅನಿಸಿದರೆ ಅವರೇ ಹೇಳುತ್ತಾರೆ.

ಹಬ್ಬ ಮುಗಿದ ಮೇಲೆ ಇನ್ನೊಮ್ಮೆ ಹೋಗಿ. ಜೊತೆಗೆ ಒಂದು ಪೆನ್ನು, ಬಿಳಿ ಕಾಗದ ಇರಲಿ. ನೀವು ಈಗ ಓದು ಬರಹ ಬಲ್ಲವರು. ಒಂದು ಅರ್ಜಿ ಬರೆದುಕೊಡಿ. ಒಂದು ನಮೂನೆ ಓದಿ ಹೇಳಿ. ಕೇಕು ಅವತ್ತಿಗೆ ಮುಗಿಯುತ್ತದೆ. ಶಾಲೆಗೆ ಸೇರಿದ ಮಗು ಮರುದಿನವೂ ಶಾಲೆಗೆ ಹೋಗುತ್ತದೆ.

ಮಾತಾಡಿಕೊಳ್ಳಿ

ನಮ್ಮ ಊರಿನಲ್ಲಿ ರಾತ್ರಿ ಬೀದಿಯಲ್ಲಿ ಮಲಗುವವರು ಯಾರು? ಅವರು ಏನು ಕೆಲಸ ಮಾಡುತ್ತಾರೆ?

ನಮ್ಮ ಊರಿನಲ್ಲಿ ತಂಗುದಾಣ ಇದೆಯೇ? ಅಲ್ಲಿ ಕುಟುಂಬಗಳಿಗೆ ಜಾಗ ಇದೆಯೇ? ನಗರಸಭೆಗೆ ಹೋಗಿ ಕೇಳಿ. ಇಲ್ಲ ಎಂದರೆ ಏಕಿಲ್ಲ ಎಂದು ಬರೆದು ಕೇಳಿ.

ಶಾಲೆಗೆ ಸೇರದ ಮಗು ನಿಮ್ಮ ಬೀದಿಯಲ್ಲಿ ಇದ್ದರೆ, ಮೇಲಿನ ಅರ್ಜಿಯನ್ನು ನೋಡಿಕೊಂಡು ನೀವೇ ಒಂದು ಅರ್ಜಿ ಬರೆಯಿರಿ.