ಬಿಲ್ಲೆ ಬೇರೆ, ಬಂಡಿ ಒಂದೇ

ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಯಲ್ಲಿ ಅರಬೈಲ್ ಘಟ್ಟವನ್ನು ಒಮ್ಮೆಯಾದರೂ ದಾಟಿದವರಿಗೆ ಅದರ ತಿರುವುಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಳೆದ ಮಳೆಗಾಲದ ಕೊನೆಯಲ್ಲಿ ಆ ಘಟ್ಟವನ್ನು ಹತ್ತುತ್ತಿದ್ದಾಗ, ಒಂದು ತಿರುವಿನ ಅಂಚಿನಲ್ಲಿ ಬಲೆನೋ ಕಾರೊಂದು ನಿಂತಿರುವುದು ಕಂಡಿತು. ಘಟ್ಟದ ಬುಡದಲ್ಲಿ ಒಂದು ಗಾಲಿಗೆ ಮೊಳೆ ಚುಚ್ಚಿ, ಅವರು ಸ್ಟೆಪ್ನಿಯನ್ನು ಹಾಕಿಕೊಂಡು ಬಂದಿದ್ದರಂತೆ. ಈಗ ಮತ್ತೊಂದು ಗಾಲಿ ಕುಳಿತುಬಿಟ್ಟಿತ್ತು. ನಾನಿದ್ದುದು ನಮ್ಮ ಭಾವನವರ ಗ್ಲಾಂಜಾ ಕಾರಿನಲ್ಲಿ. ಭಾವನವರು ಪರೋಪಕಾರಿಗಳು, ಗಾಡಿ ನಿಲ್ಲಿಸಿ ಇಳಿದರು.

"ನಮ್ಮ ಸ್ಟೆಪ್ನಿ ಕೊಡಬಹುದಿತ್ತು. ಆದರೆ ಅದು ಮಾರುತಿ, ಇದು ಟೊಯೋಟಾ. ಕೂರಬೇಕಲ್ಲ ಮಾರಾಯರೆ?" ಎಂದರು.

"ಕೊಟ್ಟು ನೋಡಿ ಭಾವ," ಎಂದೆ.

ಕೂತಿತು. ನಾಲ್ಕು ನಟ್ಟುಗಳೂ ತಮ್ಮ ಮನೆಯ ಬಾಗಿಲನ್ನೇ ಹೊಕ್ಕಂತೆ ಒಳಹೊಕ್ಕವು. ಯಲ್ಲಾಪುರದ ಪಂಕ್ಚರ್ ಅಂಗಡಿಯವರೆಗೆ ಎರಡು ಕಾರುಗಳೂ ಒಂದರ ಹಿಂದೊಂದು ಹೋದವು. ದಾರಿಯುದ್ದಕ್ಕೂ ಭಾವನವರು ಮೌನವಾಗಿದ್ದರು. ಮೂರು ವರ್ಷಗಳಿಂದ ಅವರು ನೆರೆಮನೆಯವರ ಬಲೆನೋಗಿಂತ ತಮ್ಮ ಗಾಡಿ ಘಟ್ಟದಲ್ಲಿ ಗಟ್ಟಿ ಎಂದು ವಾದಿಸುತ್ತ ಬಂದವರು.

ಈ ಸ್ಟೆಪ್ನಿಯ ರಹಸ್ಯವೇನು? 2018ರ ಮಾರ್ಚಿಯಲ್ಲಿ ಜಪಾನಿನ ಸುಜುಕಿ ಮತ್ತು ಟೊಯೋಟಾ ಕಂಪನಿಗಳು, ಭಾರತದ ಮಾರುಕಟ್ಟೆಗಾಗಿ ಪರಸ್ಪರ ಕಾರುಗಳನ್ನು ಒದಗಿಸಿಕೊಳ್ಳಲು ಒಪ್ಪಿಕೊಂಡವು. ಅದರ ಮೊದಲ ಫಲವೇ 2019ರ ಜೂನ್‌ನಲ್ಲಿ ಬಂದ ಗ್ಲಾಂಜಾ. ಗುಜರಾತಿನ ಸುಜುಕಿ ಕಾರ್ಖಾನೆಯಲ್ಲಿ ಬಲೆನೋ ಆಗಿ ಹುಟ್ಟುತ್ತಿದ್ದ ಕಾರಿಗೆ ಮುಂಭಾಗದ ಜಾಲರಿಯನ್ನು ತುಸು ಬದಲಿಸಿ, ಟೊಯೋಟಾದ ಬಿಲ್ಲೆಯನ್ನು ಅಂಟಿಸಿದರು. ಮಿಕ್ಕ ಕಬ್ಬಿಣವೆಲ್ಲ ಒಂದೇ. ಇದು ಹೊಸ ಉಪಾಯವೇನೂ ಅಲ್ಲ. ನಮ್ಮ ಹಿರಿಯರು ದೇಶದ ಹೆಮ್ಮೆಯೆಂದು ಹತ್ತಿ ಕುಳಿತ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ ಆಗಿತ್ತಷ್ಟೆ.

ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ಮೋಟಾರು ತಯಾರಕರು 'ಪ್ಲಾಟ್‌ಫಾರ್ಮ್' ಎಂದು ಕರೆಯುವುದು ಕಾರಿನ ತಳಪಾಯವನ್ನು. ತಳದ ಉಕ್ಕಿನ ತಗಡು, ಎಂಜಿನ್ ಕೂರುವ ತೊಟ್ಟಿಲು, ಗಾಲಿಗಳನ್ನು ಹಿಡಿಯುವ ತೋಳುಗಳು, ಸ್ಟಿಯರಿಂಗ್ ಮತ್ತು ಬ್ರೇಕಿನ ಏರ್ಪಾಡುಗಳು, ಇವೆಲ್ಲ ಅದರಲ್ಲಿ ಸೇರುತ್ತವೆ. ಒಂದೇ ಅಡಿಪಾಯ, ಒಂದೇ ಅಳತೆಯ ಕಂಬಗಳ ಮೇಲೆ ಒಬ್ಬನು ಹೆಂಚಿನ ಮನೆಯನ್ನೂ ಇನ್ನೊಬ್ಬನು ತಾರಸಿಯ ಮನೆಯನ್ನೂ ಕಟ್ಟಬಹುದು. ಇದು ತಳಪಾಯವನ್ನು ಹಂಚಿಕೊಳ್ಳುವ ಪರಿ. ಕಟ್ಟಿ ಮುಗಿದ ಮನೆಗೆ ಬಾಗಿಲ ಮೇಲಿನ ಹೆಸರುಹಲಗೆಯನ್ನಷ್ಟೇ ಬದಲಿಸುವುದು ಬಿಲ್ಲೆ ಬದಲಾವಣೆ. ಗ್ಲಾಂಜಾ ಎರಡನೆಯ ಜಾತಿಗೆ ಸೇರಿದ್ದು.

ತಯಾರಕರು ಹೀಗೇಕೆ ಮಾಡುತ್ತಾರೆ? ಕಾರಿನ ಒಂದೊಂದು ತಗಡನ್ನೂ ಒತ್ತಿ ಮಡಿಸಲು ಒಂದೊಂದು ಭಾರಿ ಉಕ್ಕಿನ ಅಚ್ಚು ಬೇಕು. ಆಮೇಲೆ ಬಿಸಿಲು, ಚಳಿ, ಧೂಳುಗಳಲ್ಲಿ ವರ್ಷಗಟ್ಟಲೆ ಓಡಿಸಿ ನೋಡಬೇಕು. ಹಲವಾರು ಕಾರುಗಳನ್ನು ಗೋಡೆಗೆ ಢಿಕ್ಕಿ ಹೊಡೆಸಿ ಹಾಳುಮಾಡಬೇಕು. ಈ ವೆಚ್ಚ ಕಾರು ಒಂದು ಮಾರಾಟವಾದರೂ ಅಷ್ಟೇ, ಹತ್ತು ಲಕ್ಷ ಮಾರಾಟವಾದರೂ ಅಷ್ಟೇ. ಹಂಚಿಕೊಳ್ಳುವವರು ಹೆಚ್ಚಿದಷ್ಟೂ ತಲೆಗೆ ಬೀಳುವ ಪಾಲು ಕಡಿಮೆ. ಇದರಲ್ಲಿ ಮೋಸವೇನೂ ಇಲ್ಲವೆಂದು ನನ್ನ ಅಭಿಪ್ರಾಯ. ಬಿಲ್ಲೆಯೊಡನೆ ಕೆಲವು ಸಂಗತಿಗಳು ನಿಜವಾಗಿಯೂ ಬದಲಾಗುತ್ತವೆ. 2019ರಲ್ಲಿ ಬಲೆನೋಗೆ ಎರಡು ವರ್ಷ ಅಥವಾ 40,000 ಕಿಲೋಮೀಟರುಗಳ ಖಾತರಿಯಿದ್ದರೆ, ಅದೇ ಲೋಹದ ಗ್ಲಾಂಜಾಗೆ ಮೂರು ವರ್ಷ ಅಥವಾ 1,00,000 ಕಿಲೋಮೀಟರುಗಳ ಖಾತರಿಯಿತ್ತು. ಕೊಳ್ಳುವವನು ಹೆಚ್ಚಿಗೆ ಪಡೆದುದು ಒಂದು ವಾಗ್ದಾನವನ್ನು, ಅದಕ್ಕೂ ಬೆಲೆಯುಂಟು.

ಆದರೆ ಈ ರಕ್ತಸಂಬಂಧ ತಿಳಿಯದಿದ್ದರೆ ಅಪಾಯವೂ ಉಂಟು. 2023ರ ಜನವರಿಯಲ್ಲಿ ಮಾರುತಿ ಕಂಪನಿಯು, ಅಪಘಾತದ ಕ್ಷಣದಲ್ಲಿ ಗಾಳಿಚೀಲವನ್ನು ಉಬ್ಬಿಸಬೇಕಾದ ನಿಯಂತ್ರಕದಲ್ಲಿ ದೋಷವಿರಬಹುದೆಂಬ ಶಂಕೆಯಿಂದ ಬಲೆನೋ, ಗ್ರ್ಯಾಂಡ್ ವಿಟಾರಾ ಮೊದಲಾದ 17,362 ಕಾರುಗಳನ್ನು ಪರೀಕ್ಷೆಗೆ ಹಿಂದಕ್ಕೆ ಕರೆಯಿತು. ಅದೇ ತಿಂಗಳು ಟೊಯೋಟಾ ಕಂಪನಿಯೂ 1,390 ಗ್ಲಾಂಜಾ ಮತ್ತು ಹೈರೈಡರ್ ಕಾರುಗಳನ್ನು ಅದೇ ಕಾರಣಕ್ಕಾಗಿ ಕರೆಯಿತು. ಒಂದು ಮನೆಯ ಮಗುವಿಗೆ ದಡಾರ ಬಂದರೆ, ಬೇರೆ ಊರಿನಲ್ಲಿ ಬೇರೆ ಹೆಸರಿನಿಂದ ಬೆಳೆಯುತ್ತಿರುವ ಅದರ ಅವಳಿಗೆ ಬರುವುದಿಲ್ಲ. ಯಂತ್ರಗಳ ವಿಷಯದಲ್ಲಿ ಹಾಗಲ್ಲ. ನಿಯಂತ್ರಕ ಬಂದುದು ಒಂದೇ ಮೂಲದಿಂದ, ಆದ್ದರಿಂದ ಶಂಕೆಯೂ ಇಬ್ಬರಿಗೂ ಸಮಾನ. ಟೊಯೋಟಾ ಇಟ್ಟುಕೊಂಡವನು ಪತ್ರಿಕೆಯಲ್ಲಿ ಮಾರುತಿಯ ಸುದ್ದಿಯನ್ನು ತನಗೆ ಸಂಬಂಧಿಸಿದ್ದಲ್ಲವೆಂದು ಮಗುಚಿಬಿಡಬಾರದು.

ಇಲ್ಲಿಯವರೆಗೆ ಹೇಳಿದ್ದು ಹೊಸ ಹೆಸರುಗಳ ಮಾತಾಯಿತು. ಇದೇ ಉಪಾಯವನ್ನು ಹಳೆಯ ಹೆಸರೊಂದನ್ನು ಬದುಕಿಸುವುದಕ್ಕೆ ಬಳಸಿದಾಗ ವಿಷಯ ಇನ್ನಷ್ಟು ಸ್ವಾರಸ್ಯವಾಗುತ್ತದೆ. 1973ರಿಂದ 1999ರವರೆಗೆ ಟೊಯೋಟಾ ಕಂಪನಿ ಸ್ಟಾರ್ಲೆಟ್ ಎಂಬ ಪುಟ್ಟ ಕಾರನ್ನು ತಯಾರಿಸುತ್ತಿತ್ತು. 2020ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಆ ಹೆಸರು ಮರಳಿ ಬಂತು. ಬಂದ ಕಾರು ಯಾವುದು? ಭಾರತದಲ್ಲಿ ತಯಾರಾದ ಅದೇ ಬಲೆನೋ! ಯುರೋಪಿನಲ್ಲಿ 1986ರಲ್ಲಿ ನಿಂತುಹೋಗಿದ್ದ ಫೋರ್ಡ್ ಕಾಪ್ರಿಯ ಹೆಸರು 2024ರಲ್ಲಿ ವಿದ್ಯುತ್ ಕಾರೊಂದಕ್ಕೆ ಬಂತು. ಅದರ ತಳಪಾಯ ಫೋಕ್ಸ್‌ವ್ಯಾಗನ್ ಕಂಪನಿಯದು.

ನಮ್ಮ ನಾಡಿನ ಉದಾಹರಣೆ ಬಿಡದಿಯಲ್ಲಿದೆ. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಲ್ಲಿ ಟೊಯೋಟಾ ಹೈರೈಡರ್ ಹಾಗೂ ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಎಂಬ ಎರಡು ಕಾರುಗಳು ಒಟ್ಟಿಗೆ ತಯಾರಾಗತೊಡಗಿದವು. ಎರಡರಲ್ಲೂ ಮುಂದಿನ ಹಿಂದಿನ ಗಾಲಿಗಳ ನಡುವಣ ಅಂತರ 2,600 ಮಿಲಿಮೀಟರು. ಅಗಲ 1,795 ಮಿಲಿಮೀಟರು. ಗ್ರ್ಯಾಂಡ್ ವಿಟಾರಾ ಎಂಬುದು 1998ರಷ್ಟು ಹಳೆಯ ಹೆಸರು. ಆ ಮೊದಲ ಗಾಡಿಗೆ ಲಾರಿಗಿರುವಂತಹ ಏಣಿಯಾಕಾರದ ಚೌಕಟ್ಟಿತ್ತು. ಎಂಜಿನ್ ಉದ್ದುದ್ದವಾಗಿ ಕೂತಿತ್ತು. ಹೊಸದರಲ್ಲಿ ಏಣಿಯಿಲ್ಲ, ಎಂಜಿನ್ ಅಡ್ಡಲಾಗಿದೆ, ಬಹುಪಾಲು ಮಾದರಿಗಳಲ್ಲಿ ಮುಂದಿನ ಗಾಲಿಗಳೇ ಎಳೆಯುತ್ತವೆ.

ಯಕ್ಷಗಾನವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಬ್ಬನೇ ಕಲಾವಿದ ಒಂದೇ ರಾತ್ರಿ ಕಿರೀಟ ಬದಲಿಸಿ ಎರಡು ವೇಷ ಮಾಡಬಹುದು. ಇದು ಗ್ಲಾಂಜಾದ ಕಥೆ. ಹಿಂದಿನ ತಲೆಮಾರಿನವರು ಕುಣಿದ ಕರ್ಣನ ವೇಷವನ್ನು ಈಗ ಬೇರೊಬ್ಬ ಕಟ್ಟಬಹುದು. ಇದು ಗ್ರ್ಯಾಂಡ್ ವಿಟಾರಾದ ಕಥೆ. ಸ್ಟಾರ್ಲೆಟ್‌ನಲ್ಲಿ ಎರಡೂ ಕೂಡಿವೆ. ಆಟ ಕೆಡುವುದು, ಹಳೆಯ ಕರ್ಣನೇ ಬಂದಿದ್ದಾನೆಂದು ಟಿಕೇಟು ಮಾರಿದಾಗ ಮಾತ್ರ.

ಇನ್ನು ಘಟ್ಟಕ್ಕೆ ಮರಳೋಣ. ಘಟ್ಟಕ್ಕೆ ಬಿಲ್ಲೆಯನ್ನು ಓದಲು ಬರುವುದಿಲ್ಲ. ಲೆಕ್ಕದ ಅನುಕೂಲಕ್ಕಾಗಿ ಏರು 400 ಮೀಟರು ಎತ್ತರದ್ದೆಂದೂ, ಜನರೂ ಸಾಮಾನೂ ಸೇರಿ ಕಾರು 1,200 ಕಿಲೋಗ್ರಾಮೆಂದೂ ಇಟ್ಟುಕೊಳ್ಳೋಣ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿದರೆ ಸುಮಾರು 47 ಲಕ್ಷ ಜೌಲು ಪ್ರಚ್ಛನ್ನ ಶಕ್ತಿ ಬರುತ್ತದೆ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೌಲು ಇದ್ದರೂ ಎಂಜಿನ್ ಅದರ ಕಾಲುಭಾಗವನ್ನಷ್ಟೇ ಗಾಲಿಗೆ ಮುಟ್ಟಿಸಿತೆನ್ನೋಣ. ಹಾಗಾದರೆ ಮೇಲೆತ್ತುವ ಕೆಲಸಕ್ಕೇ ಅರ್ಧ ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲು ಉರಿಯಬೇಕು. ಈ ಲೆಕ್ಕದಲ್ಲಿ ಕಂಪನಿಯ ಹೆಸರು ಎಲ್ಲಿಯೂ ಬರಲಿಲ್ಲ. ಬಲೆನೋ, ಗ್ಲಾಂಜಾಗಳಿಗೆ ಒಂದೇ ಎಂಜಿನ್, ಒಂದೇ ಗಿಯರು, ಹೆಚ್ಚುಕಡಮೆ ಒಂದೇ ತೂಕ. ಭಾವನವರ ವಾದಕ್ಕೆ ಘಟ್ಟದ ಬೆಂಬಲವಿಲ್ಲ.

ಇಳಿಯುವಾಗ ಅದೇ 47 ಲಕ್ಷ ಜೌಲನ್ನು ಕಳೆದುಕೊಳ್ಳಬೇಕು. ಅಷ್ಟು ಶಾಖದಿಂದ ಹದಿನೈದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಂಕೋಲೆಯ ಕಡೆ ಇಳಿದ ಲಾರಿಗಳ ಬ್ರೇಕು ಸುಟ್ಟ ವಾಸನೆ ಬರುವುದು ಇದಕ್ಕಾಗಿಯೇ. ಇಲ್ಲಿ ಬಿಡದಿಯ ಕಾರುಗಳು ಒಂದು ಪಾಠ ಹೇಳುತ್ತವೆ. ಗ್ರ್ಯಾಂಡ್ ವಿಟಾರಾ ಎಂಬ ಒಂದೇ ಹೆಸರಿನಲ್ಲಿ ಸುಜುಕಿಯ ನಾಲ್ಕು ಸಿಲಿಂಡರಿನ ಎಂಜಿನ್ ಇರುವ ಮಾದರಿಯೂ ಉಂಟು, ಟೊಯೋಟಾದ ಮೂರು ಸಿಲಿಂಡರಿನ ಎಂಜಿನ್ನಿನೊಡನೆ ವಿದ್ಯುತ್ ಮೋಟಾರು ಸೇರಿದ ಮಿಶ್ರ ಮಾದರಿಯೂ ಉಂಟು. ಮಿಶ್ರ ಮಾದರಿ ಇಳಿಜಾರಿನಲ್ಲಿ ಮೋಟಾರನ್ನು ಡೈನಮೋ ಆಗಿ ತಿರುಗಿಸಿ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಆದರೆ ಆ ಬ್ಯಾಟರಿಯ ಹೊಟ್ಟೆ ಚಿಕ್ಕದು, ಸುಮಾರು 0.76 ಕಿಲೋವ್ಯಾಟ್ ಗಂಟೆ, ಎಂದರೆ 27 ಲಕ್ಷ ಜೌಲು. ಜನರನ್ನು ಹೊತ್ತ 1,500 ಕಿಲೋಗ್ರಾಮಿನ ಗಾಡಿ 400 ಮೀಟರು ಇಳಿದರೆ ಬಿಡುವ ಶಕ್ತಿ 59 ಲಕ್ಷ ಜೌಲು. ಬ್ಯಾಟರಿ ತುಂಬಿದ ಮೇಲೆ ಮಿಕ್ಕ ಭಾರವನ್ನು ಎಂಜಿನ್ನೂ ಬ್ರೇಕೂ ಹೊರಲೇಬೇಕು. ಹೀಗೆ, ಘಟ್ಟದಲ್ಲಿ ಒಂದೇ ಬಿಲ್ಲೆಯ ಎರಡು ಮಾದರಿಗಳ ನಡುವೆ ವ್ಯತ್ಯಾಸ ಕಾಣುತ್ತದೆ. ಒಂದೇ ಮಾದರಿಯ ಎರಡು ಬಿಲ್ಲೆಗಳ ನಡುವೆ ಕಾಣುವುದಿಲ್ಲ.

ಈ ಸಂಗತಿಯನ್ನು ತರಗತಿಯಲ್ಲಿ ಹೇಳುತ್ತಿದ್ದಾಗ, ಸಿದ್ದಾಪುರದ ಕಡೆಯ ವಿದ್ಯಾರ್ಥಿಯೊಬ್ಬ ಎದ್ದುನಿಂತು, "ಸಾರ್, ನಮ್ಮ ಅಜ್ಜ ಜಾವಾದಲ್ಲಿ ಘಟ್ಟ ಇಳಿಯುತ್ತಿದ್ದರು. ಈಗಿನ ಜಾವಾವೂ ಹಾಗೆಯೇ ಇಳಿಯುವುದೇ?" ಎಂದು ಕೇಳಿದ. ಅವನಿಗೆ ಅದನ್ನು ಕೊಳ್ಳುವ ಆಸೆ.

ಜಾವಾ ಮೂಲತಃ ಚೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಹುಟ್ಟಿದ ಹೆಸರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಆ ಮೋಟಾರುಸೈಕಲ್ಲುಗಳು ತಯಾರಾದವು. 1973ರಿಂದ ಯೆಜ್ದಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರ ನವೆಂಬರಿನಲ್ಲಿ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾವನ್ನು ಮರಳಿ ತಂದಿತು. 2022ರ ಜನವರಿಯಲ್ಲಿ ಯೆಜ್ದಿಯನ್ನು ತಂದಿತು. ಹೊಸವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೊಸ ಜಾವಾದ 293 ಘನ ಸೆಂಟಿಮೀಟರಿನ ಎಂಜಿನ್ನಿಗೆ ಮಹೀಂದ್ರ ಮೋಜೋ ಗಾಡಿಯದು ಆಧಾರ. 2022ರ ಯೆಜ್ದಿಯ ಮೂರು ಮಾದರಿಗಳಿಗೂ ಒಂದೇ 334 ಘನ ಸೆಂಟಿಮೀಟರಿನ ಎಂಜಿನ್, ಅದೂ ಜಾವಾ ಪೆರಾಕಿನ ನೆಂಟ. ಯೆಜ್ದಿ ಎಂಬ ಹೆಸರು ಯಾರ ಸ್ವತ್ತೆಂಬ ವ್ಯಾಜ್ಯವಂತೂ ಕರ್ನಾಟಕ ಉಚ್ಚ ನ್ಯಾಯಾಲಯದವರೆಗೆ ಹೋಯಿತು.

ಹಳೆಯ ಮೈಸೂರು ಜಾವಾದ್ದು ಎರಡು ಹೊಡೆತದ ಎಂಜಿನ್. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕಬೇಕು. ಇಂಧನದೊಡನೆ ಒಳಹೋದ ಎಣ್ಣೆಯೇ ಅದರ ಕೀಲುಗಳನ್ನು ನೆನೆಸಬೇಕು. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ನಿಲ್ಲುತ್ತದೆ. ಒಳಗಿನ ಲೋಹ ಒಣಗಿ ಬಿಗಿದುಕೊಳ್ಳಬಹುದು. ತಿಳಿದ ಸವಾರರು ಆಗಾಗ ಆಕ್ಸಿಲರೇಟರನ್ನು ಒಮ್ಮೆ ತಿರುಗಿಸಿ ಬಿಡುತ್ತಿದ್ದರು. ಅಲ್ಲದೆ ಆ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದರಲ್ಲಿ ದುರ್ಬಲ. ಬ್ರೇಕಿನ ಮೇಲೆಯೇ ಭಾರ. ಹೊಸದು ನಾಲ್ಕು ಹೊಡೆತದ್ದು. ಎಣ್ಣೆ ಬೇರೆ ತೊಟ್ಟಿಯಿಂದ ಪಂಪಿನ ಮೂಲಕ ಬರುತ್ತದೆ. ಗಿಯರು ಇಳಿಸಿದರೆ ಎಂಜಿನ್ನೇ ಎಳೆದು ಹಿಡಿಯುತ್ತದೆ. ಇಂದಿನ ಹೊಗೆಯ ನಿಯಮಗಳನ್ನು ಆ ಹಳೆಯ ಎಂಜಿನ್ ದಾಟಲಾರದು. ಆದ್ದರಿಂದ ಮರಳಿ ತರುವವರ ಕೈಗೆ ಉಳಿಯುವುದು ಟ್ಯಾಂಕಿನ ಆಕಾರ, ಜೋಡಿ ಹೊಗೆಕೊಳವೆ ಮತ್ತು ಹೆಸರು.

ಹುಡುಗನಿಗೆ ಇದನ್ನೆಲ್ಲ ಹೇಳಿ, ಬಿಲ್ಲೆ ನೋಡುವ ಮೊದಲು ಎಂಜಿನ್, ತೂಕ, ಬ್ರೇಕುಗಳ ವಿವರಪಟ್ಟಿಯನ್ನು ತಂದು ತೋರಿಸೆಂದೆ. ಅಜ್ಜನ ಇಳಿಯುವ ರೀತಿಯನ್ನು ಹೊಸ ಗಾಡಿಯಲ್ಲಿ ಅನುಸರಿಸಬೇಡವೆಂದೂ ಹೇಳಿದೆ. ಅವನು ಪಟ್ಟಿಯನ್ನು ತಂದ. ಅಜ್ಜನ ಜಾವಾ ಇನ್ನೂ ಕೊಟ್ಟಿಗೆಯ ಪಕ್ಕದಲ್ಲಿ ಗೋಣಿ ಹೊದ್ದು ನಿಂತಿದೆಯಂತೆ. ಅದರಲ್ಲಿ ಗಿಯರು ಬದಲಿಸುವ ಸನ್ನೆಯನ್ನೇ ಹಿಂದಕ್ಕೆ ಮಡಿಸಿ ಒದ್ದು ಎಂಜಿನ್ ಹಚ್ಚಬೇಕು. ಒಂದೇ ಸನ್ನೆಯಿಂದ ಎರಡು ಕೆಲಸ ಮಾಡಿಸುವ ಆ ಚಮತ್ಕಾರವನ್ನು ಬಿಚ್ಚಿ ನೋಡೋಣ ಬನ್ನಿರೆಂದು ದಸರೆಯ ರಜೆಗೆ ಕರೆದಿದ್ದಾನೆ.